ಎರೆಹೊಲದ ಭೂತ

ಶರಣಯ್ಯನಿಗೆ ಹಕ್ಕಿಗಳ ಮೇಲೆ ಯಾವ ಸಿಟ್ಟೂ ಇರಲಿಲ್ಲ. ಅವು ಅವನಿಗೇನು ಮಾಡಿದ್ದವು? ಸಿಟ್ಟೆಲ್ಲ ಇದ್ದದ್ದು ಒಂದು ದುರ್ಬೀನಿನ ಮೇಲೆ, ಮತ್ತು ಅದನ್ನು ಕೊರಳಿಗೆ ತೂಗುಹಾಕಿಕೊಂಡು ಮಕ್ತಲಿನ ಕೆರೆ ಕುಂಟೆ ಸುತ್ತುವ ಕಾಂತೇಶ ಮಾಸ್ತರನ ಮೇಲೆ.

ತೆಲಂಗಾಣದ ಗಡಿಯೂರು ಮಕ್ತಲಿನ ಬಜಾರಿನಲ್ಲಿ ಬಿತ್ತನೆ ಬೀಜದ ಅಂಗಡಿ, ಮಾಗನೂರಿನ ದಾರಿಗೆ ಏಳೆಕರೆ ಎರೆಹೊಲ, ಹಣೆ ತುಂಬ ವಿಭೂತಿ, ಮೂವತ್ತಾರು ವರ್ಷದಿಂದ ಜೊತೆಗಿರುವ ಹೆಂಡತಿ ಹಂಪಮ್ಮ. ಅರವತ್ಮೂರು ತುಂಬಿದ ಶರಣಯ್ಯನಿಗೆ ಕೊರತೆ ಅಂತ ಒಂದೂ ಇರಲಿಲ್ಲ. ಎಲ್ಲ ಹಾಳಾದದ್ದು ಹೋದ ಜನವರಿಯಲ್ಲಿ. ಓಣಿಯ ಹೆಂಗಸರು ಯಾರದೋ ಮದುವೆಗೆ ಸೀರೆ ತರಲು ಗದ್ವಾಲಕ್ಕೆ ಹೋದವರು, ಬರುವಾಗ ಜುರಾಲ ಅಣೆಕಟ್ಟಿನ ಹಿನ್ನೀರು ನೋಡೋಣ ಎಂದು ಇಳಿದರು. ಅಲ್ಲಿ ನೀರಿನ ಅಂಚಿಗೆ ಈ ಮಾಸ್ತರ ನಿಂತಿದ್ದ. ರಾಯಚೂರು ಕಡೆಯವ, ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದವ, ಹೆಂಡತಿ ತೀರಿಕೊಂಡು ಆರು ವರ್ಷ, ಮಕ್ತಲಿನಲ್ಲಿ ಇವರ ಹಿಂದಿನ ಓಣಿಯಲ್ಲೇ ಬಾಡಿಗೆ ಮನೆ. ಪರಿಚಯದ ಮುಖ ಕಂಡು ದುರ್ಬೀನನ್ನು ಹಂಪಮ್ಮನ ಕೈಗೆ ಕೊಟ್ಟ. ಅವಳು ನೋಡಿದಳು. ತಲೆಯ ಮೇಲೆ ಎರಡು ಕರಿ ಗೀರಿರುವ ಬೂದು ಬಾತುಗಳು. ಇವು ಹಿಮಾಲಯದ ಆಚೆಯಿಂದ, ಮನುಷ್ಯನಿಗೆ ಉಸಿರೇ ಸಿಗದ ಎತ್ತರದಲ್ಲಿ ಹಾರಿ ಬಂದಿವೆ ಎಂದು ಮಾಸ್ತರ ಹೇಳಿದನಂತೆ. ಹಂಪಮ್ಮ ಮನೆಗೆ ಬಂದಾಗ ಕೊಂಡ ಸೀರೆ ಬಸ್ಸಿನಲ್ಲೇ ಉಳಿದಿತ್ತು.

ಅಂದಿನಿಂದ ತಾಟಿಗೆ ರೊಟ್ಟಿ ಬೀಳುವ ಮೊದಲು ಮಾಸ್ತರನ ಹೆಸರು ಬೀಳತೊಡಗಿತು. ಮಾಸ್ತರ ಹೀಗಂದರು, ಮಾಸ್ತರ ಹಾಗಂದರು. ದಸರೆಯ ದಿನ ಪಂಜರದಲ್ಲಿಟ್ಟು ದರ್ಶನ ಮಾಡಿಸುವ ಪಾಲಪಿಟ್ಟದ, ಅಂದರೆ ನೀಲಕಂಠ ಹಕ್ಕಿಯ, ರೆಕ್ಕೆಗೆ ಅಂಟು ಬಳಿದಿರುತ್ತಾರಂತೆ, ಬಿಟ್ಟ ಮೇಲೂ ಅದು ಹಾರಲಾರದೆ ಸಾಯುತ್ತದಂತೆ, ಇನ್ನು ಮೇಲೆ ಈ ಮನೆಯಿಂದ ಯಾರೂ ಆ ದರ್ಶನಕ್ಕೆ ಹೋಗಕೂಡದು. ಗೀಜಗದ ಗಂಡು ಗೂಡನ್ನು ಅರ್ಧ ಕಟ್ಟಿ ನಿಲ್ಲಿಸುತ್ತದಂತೆ, ಹೆಣ್ಣು ಬಂದು ಒಳಹೊಕ್ಕು ನೋಡಿ ಒಪ್ಪಿದರೆ ಮಾತ್ರ ಮುಂದಿನದು ಕಟ್ಟುತ್ತದಂತೆ. ಇದನ್ನು ಹೇಳಿ ಹಂಪಮ್ಮ ಅಡುಗೆಮನೆಯ ಗೋಡೆಯನ್ನೊಮ್ಮೆ ನೋಡಿ ನಕ್ಕಳು. ಇಪ್ಪತ್ತು ವರ್ಷದ ಹಿಂದೆ ಆ ಮನೆ ಕಟ್ಟಿಸುವಾಗ ಶರಣಯ್ಯ ಅವಳನ್ನು ಒಂದು ಮಾತು ಕೇಳಿರಲಿಲ್ಲ. ನಕ್ಕದ್ದು ಯಾಕೆಂದು ಅವನಿಗೆ ಗೊತ್ತಾಗದೆ ಇರುತ್ತದೆಯೇ? ಪಿತ್ತ ನೆತ್ತಿಗೇರಿತು, ಆದರೆ ಗೀಜಗದ ಮೇಲೆ ಜಗಳ ತೆಗೆಯುವುದು ಹೇಗೆ?

ತಾನೂ ಒಂದು ಕೈ ನೋಡೋಣ ಎಂದು ಒಂದು ದಿನ ಅಂಗಡಿಯ ಮುಂದೆ ಕಾಗೆ ಬಂದಿತ್ತು ಎಂದ. ಯಾವ ಕಾಗೆ, ಊರುಕಾಗೆಯೋ ಕಾಡುಕಾಗೆಯೋ, ಕೊರಳು ಬೂದಿಯೋ ಕಪ್ಪೋ ಎಂದು ಅವಳು ಕೇಳಿದಳು. ಶರಣಯ್ಯ ಮಜ್ಜಿಗೆ ಕುಡಿದ.

ಬೆಳಿಗ್ಗೆ ಆರಕ್ಕೆ ಅವಳು ಕೆರೆಗೆ ಹೊರಡುತ್ತಿದ್ದಳು. ಒಬ್ಬಳೇ ಅಲ್ಲ, ಓಣಿಯ ಇನ್ನಿಬ್ಬರು ಹೆಂಗಸರೂ ಇರುತ್ತಿದ್ದರು. ಆದರೆ ಹೊಟ್ಟೆ ಉರಿಯುವವನ ಕಣ್ಣಿಗೆ ಆ ಇಬ್ಬರು ಎಲ್ಲಿ ಕಾಣಬೇಕು? ಒಮ್ಮೆ ಹಿಂದೆಯೇ ಹೋಗಿ ಜಾಲಿಪೊದೆಯ ಮರೆಯಲ್ಲಿ ನಿಂತ. ಅಂಗಾಲಿಗೆ ಮುಳ್ಳು ನಟ್ಟು ಕುಣಿಯುವಾಗ ಆಚೆ ದಂಡೆಯಿಂದ ಮಾಸ್ತರನ ದನಿ ಕೇಳಿಸಿತು: ಆ ಪೊದೆಯ ಹಿಂದೆ ಏನೋ ದೊಡ್ಡದು ಅಲುಗಾಡುತ್ತಿದೆ. ಹಂಪಮ್ಮ ದುರ್ಬೀನು ಎತ್ತಿ ನೋಡಿ, "ಅದು ನಮ್ಮನಿಯವರ್ರಿ" ಅಂದಳು. ಹೆಂಗಸರು ನಕ್ಕ ನಗು ಅವನ ಕಿವಿಯಲ್ಲಿ ಹದಿನೈದು ದಿನ ಇತ್ತು.

ಮಳೆಗಾಲ ಹಿಡಿಯಿತು. ಜುಲೈನ ಒಂದು ಮಧ್ಯಾಹ್ನ ಹಂಪಮ್ಮ ಬುತ್ತಿ ತಂದು ಅಂಗಡಿಯಲ್ಲಿ ಕುಳಿತಿದ್ದಾಗ ತುಂತುರಿಗೆ ಹೆದರಿ ಮಾಸ್ತರನೂ ಒಳಗೆ ಬಂದ. ಮಾತಿಗೆ ಮಾತು ಬಂದು, ತಾನು ಜನ್ಮದಲ್ಲಿ ನೋಡದ ಹಕ್ಕಿ ಒಂದಿದೆ ಎಂದ. ನಮ್ಮವರು ಎರೆಭೂತ ಅನ್ನುತ್ತಾರೆ, ತೆಲುಗಿನವರು ಬಟ್ಟಮೇಕ ಅನ್ನುತ್ತಾರೆ. ಸೊಂಟದೆತ್ತರದ ಹಕ್ಕಿ, ಎರೆಮಣ್ಣಿನ ಬಯಲಿನಲ್ಲಿ ಇದ್ದಕ್ಕಿದ್ದಂತೆ ಎದ್ದು ನಿಲ್ಲುತ್ತದೆ, ಕಣ್ಣು ಮಿಟುಕಿಸುವುದರಲ್ಲಿ ಇಲ್ಲವಾಗುತ್ತದೆ, ಅದಕ್ಕೇ ಆ ಹೆಸರು. ರಾಯಚೂರಿನಿಂದ ಸಿರುಗುಪ್ಪದ ತನಕ ನಲವತ್ತು ವರ್ಷ ಎರೆನೆಲವನ್ನೆಲ್ಲ ತುಳಿದಿದ್ದೇನೆ, ನನ್ನ ನಸೀಬಿನಲ್ಲಿ ಇಲ್ಲ ಎಂದು ಮಾಸ್ತರ ದುರ್ಬೀನಿನ ಗಾಜು ಒರೆಸಿಕೊಂಡ.

"ಅಯ್ಯ, ಪಾಪ," ಅಂದಳು ಹಂಪಮ್ಮ.

ಆ ಒಂದು ಪಾಪ! ಶರಣಯ್ಯ ಸೈಕಲ್ಲಿನಿಂದ ಬಿದ್ದು ಮೊಣಕಾಲು ಮುರಿದುಕೊಂಡಾಗಲೂ, ಕಾಮಾಲೆಯಲ್ಲಿ ಇಪ್ಪತ್ತು ದಿನ ಮಲಗಿದಾಗಲೂ ಅಷ್ಟು ಮೆತ್ತಗಿನ ಪಾಪ ಅವಳ ಬಾಯಿಂದ ಬಿದ್ದಿರಲಿಲ್ಲ. ಆಗ ಅವಳು ನೋಡಿಕೊಂಡು ನಡೆಯಬಾರದೇ ಎಂದು ಬೈದಿದ್ದಳು. ಒಂದು ಹಕ್ಕಿ ಕಾಣಲಿಲ್ಲ ಅಂತ ಪರಗಂಡಸಿಗೆ ಪಾಪ. ಅವನು ತೊಗರಿ ಬೀಜದ ಚೀಲವನ್ನು ಸುಮ್ಮಸುಮ್ಮನೆ ಈಚೆಯಿಂದ ಆಚೆಗೆ ಎತ್ತಿಟ್ಟ.

ನಾಲ್ಕು ದಿನ ಬಿಟ್ಟು ಹೊಲದಿಂದ ಬಂದು ಉಣ್ಣಲು ಕುಳಿತವನು, "ಇವತ್ತ ನಮ್ಮ ಹೊಲದಾಗ ಎರಿಭೂತ ಕಂಡೆ" ಅಂದ. ಅಂದ ಮೇಲೆಯೇ ತಾನು ಅಂದದ್ದು ಅವನಿಗೂ ತಿಳಿದದ್ದು.

ಹಂಪಮ್ಮನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಖರೆಯೇ ಎಂದು ಕೇಳಿದಳು. ಖರೆ ಅಂದ. ಎಲ್ಲಿ ಅಂದಳು. ಬಡಗಣ ಬದುವಿನ ಹತ್ತಿರ ಅಂದ. ಅವಳು ಒಲೆ ಆರಿಸಿ ಬಂದು ಅವನೆದುರು ಕುಳಿತಳು, ಗದ್ದಕ್ಕೆ ಕೈ ಹಚ್ಚಿ, ಮೊದಲಿನಿಂದ ಹೇಳಿ ಎಂದಳು. ಅವನು ಹೇಳಿದ. ಅವಳು ಅವನ ಬಾಯಿಯನ್ನೇ ನೋಡುತ್ತ ಕೇಳಿದಳು, ಕೇಳುತ್ತ ಕೇಳುತ್ತಲೇ ತುಪ್ಪ ಬಡಿಸಿದಳು, ಬಟ್ಟಲು ತುಂಬಿ ಚೆಲ್ಲಿದ್ದೂ ಅವಳಿಗೆ ಗೊತ್ತಾಗಲಿಲ್ಲ. ಮದುವೆಯಾದ ಹೊಸದರಲ್ಲಿ ಕೂಡ ಅವಳು ಅವನನ್ನು ಹಾಗೆ ನೋಡಿರಲಿಲ್ಲ. ಶರಣಯ್ಯ ಆ ದಿನ ಎರಡು ರೊಟ್ಟಿ ಹೆಚ್ಚು ತಿಂದ.

ಹಂಪಮ್ಮ ಸುದ್ದಿ ಮುಟ್ಟಿಸಿಯಾಗಿತ್ತು, ಮರುದಿನ ಬೆಳಗಾಗುವುದರಲ್ಲಿ ಮಾಸ್ತರ ಬಾಗಿಲಲ್ಲಿ. ತಲೆ ಬಾಚಿರಲಿಲ್ಲ, ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು. ಕುರ್ಚಿ ಕೊಟ್ಟರೂ ಬೇಡವೆಂದು ನೆಲದ ಮೇಲೆ ಕುಳಿತು ನೋಟುಬುಕ್ಕು ತೆರೆದು, ಶರಣಯ್ಯನವರೇ ಎಂದು ಬಹುವಚನದಲ್ಲಿ ಶುರುಮಾಡಿದ. ಹಿಂದಿನ ಕಾಲದ ತಹಸೀಲ್ದಾರರು ಪಂಚನಾಮೆ ಮಾಡಿದ ಹಾಗೆ ಒಂದೊಂದೇ ಪ್ರಶ್ನೆ. ಎತ್ತರ? ಆಡಿನಷ್ಟು. ಕೊರಳು? ಬಿಳಿ. ನೆತ್ತಿ? ಕರಿ ಟೊಪ್ಪಿಗೆ ಇಟ್ಟಂಗೆ. ನಡಿಗೆ? ಕೊಕ್ಕು ಮೇಲೆತ್ತಿಕೊಂಡು, ಏನೋ ವಾಸನೆ ಬಂದವರ ಹಾಗೆ. ಕೂತರೆ? ಕೊರಳನ್ನು ನೆಲಕ್ಕೆ ಒರಗಿಸಿಬಿಡುತ್ತದೆ, ಮಣ್ಣಿನ ಹೆಂಟೆ ಯಾವುದು ಹಕ್ಕಿ ಯಾವುದು ತಿಳಿಯುವುದಿಲ್ಲ. ಸುಳ್ಳು ಹೇಳುವವನು ನಡುನಡುವೆ ತಡೆಯಬೇಕು, ಯೋಚಿಸಬೇಕು. ಶರಣಯ್ಯ ತಡೆಯಲಿಲ್ಲ. ಮಾಸ್ತರನ ಪೆನ್ನು ನಿಧಾನವಾಗುತ್ತ ಬಂತು. ಇದು ಚಿತ್ರ ನೋಡಿ ಹೇಳುವ ಮಾತಲ್ಲ, ನೀವು ನಿಜವಾಗಿ ಕಂಡಿದ್ದೀರಿ ಎಂದ. ಪೆನ್ನಿಗೆ ಮುಚ್ಚಳ ಹಾಕಲು ಹೋಗಿ ಎರಡು ಸಲ ತಪ್ಪಿದ.

ಅದನ್ನು ಕಂಡು ಹಂಪಮ್ಮ ಮೊದಲ ಚಹಾ ಮಾಸ್ತರನ ಕೈಗೆ ಕೊಟ್ಟಳು. ಮನೆಯ ಯಜಮಾನ ಇಲ್ಲಿ ಕುಳಿತಿದ್ದಾನೆ, ಹಕ್ಕಿ ಕಂಡವನೂ ಅವನೇ, ಮೊದಲ ಲೋಟ ಮಾತ್ರ ಮಾಸ್ತರನಿಗೆ! ಶರಣಯ್ಯನ ಹೊಟ್ಟೆಯಲ್ಲಿ ಕೆಂಡ ಬಿತ್ತು.

"ಅಷ್ಟ ಅಲ್ಲ ಮಾಸ್ತರ," ಅಂದ. "ನಾ ಹತ್ರ ಹೋದ ಕೂಡ್ಲೇ ಮ್ಯಾಲೆದ್ದು, ಕಾಲು ಜೋಲು ಬಿಟ್ಕೊಂಡು ನನ್ನ ತಲಿ ಮ್ಯಾಲೆ ಅಡ್ಡಾದಿಡ್ಡಿ ಹಾರಿತು."

ಮಾಸ್ತರ ಲೋಟ ಕೆಳಗಿಟ್ಟ. "ಕಾಲು ಜೋಲು ಬಿಟ್ಕೊಂಡು? ಅದು ತತ್ತಿ ಇದ್ರನ ಹಂಗ ಹಾರೋದ್ರಿ. ತತ್ತಿ ನೋಡಿದ್ರೇನು?"

ಹಂಪಮ್ಮ ಈಗ ಇವನ ಕಡೆ ತಿರುಗಿದ್ದಳು. ಆ ಕಣ್ಣು ಮತ್ತೆ ಅತ್ತ ತಿರುಗದ ಹಾಗೆ ಮಾಡಲು ಒಂದೇ ಒಂದು ಮಾತು ಸಾಕಿತ್ತು. ನೋಡಿದೆ ಅಂದ. ಮುಷ್ಟಿಗಿಂತ ದೊಡ್ಡದು, ಕೆಸರು ಬಣ್ಣ, ಮೇಲೆ ಕಂದು ಕಲೆ.

ಅಷ್ಟು ಕೇಳಿದ್ದೇ ಮಾಸ್ತರನ ಮುಖ ಸುಣ್ಣದ ಹಾಗಾಯಿತು. ಯಾರಿಗೂ ಹೇಳಬೇಡಿ, ಆ ಕಡೆ ಹೆಜ್ಜೆ ಇಡಬೇಡಿ ಎಂದ. ಇಡೀ ದೇಶದಲ್ಲಿ ಈ ಹಕ್ಕಿ ನೂರೈವತ್ತು ಇದ್ದರೆ ಹೆಚ್ಚು, ಹೆಚ್ಚಿನವು ರಾಜಸ್ಥಾನದಲ್ಲಿ. ಇದರ ಕಣ್ಣು ತಲೆಯ ಪಕ್ಕಕ್ಕಿವೆ, ಎದುರಿಗಿರುವ ಕರೆಂಟಿನ ತಂತಿ ಹತ್ತಿರ ಬರುವ ತನಕ ಕಾಣುವುದಿಲ್ಲ, ಭಾರಕ್ಕೆ ತಟ್ಟನೆ ತಿರುಗಲಾರದೆ ಬಡಿದು ಸಾಯುತ್ತದೆ. ನಿಮ್ಮ ಹೊಲದ ಮೇಲೆ ಹೊಸ ಲೈನು ಎಳೆದಿದ್ದಾರಲ್ಲ, ಅದಕ್ಕೆ ಗುರುತಿನ ಬಿಲ್ಲೆ ಹಾಕಿಸಬೇಕು, ನಾರಾಯಣಪೇಟೆಯ ಅರಣ್ಯದವರಿಗೆ ಇವತ್ತೇ ಫೋನು ಮಾಡುತ್ತೇನೆ, ಶುಕ್ರವಾರ ದೂರದಿಂದ ಕ್ಯಾಮೆರಾ ಇಡೋಣ. ಮಾಸ್ತರ ಎದ್ದು ನಿಂತೇ ಇದನ್ನೆಲ್ಲ ಹೇಳಿದ. ಆಮೇಲೆ ದನಿ ಇಳಿಸಿ ಇನ್ನೊಂದು ಮಾತು ಹೇಳಿದ.

"ಇದು ವರ್ಷಕ್ಕ ಇಡೋದ ಒಂದ ತತ್ತಿ, ಶರಣಯ್ಯನೋರ."

"ಒಂದ?" ಅಂದ ಶರಣಯ್ಯ. "ಕೋಳಿ ಹಂಗ ಮತ್ತ ಇಡಂಗಿಲ್ಲೇನು?"

"ಬಹಳ ಮಾಡಿ ಇಲ್ಲ. ಅದು ಹ್ವಾತಂದ್ರ ಆ ವರ್ಷ ಹ್ವಾದಂಗ."

ಶರಣಯ್ಯ ತನ್ನ ಪಾಲಿನ ಚಹಾ ಮುಟ್ಟಲಿಲ್ಲ. ಹಂಪಮ್ಮ ಆರಿಹೋದ ಲೋಟ ಎತ್ತಿಕೊಂಡು ಹೋಗುವಾಗ ಯಾಕೆ ಎಂದು ಕೇಳಿದಳು, ಅವನು ಏನೂ ಇಲ್ಲ ಅಂದ.

ಯಾರಿಗೂ ಹೇಳಬೇಡಿ ಎಂದು ಮಾಸ್ತರ ಹೇಳುವ ಮೊದಲೇ ಹಂಪಮ್ಮ ನಳದ ಹತ್ತಿರ ಒಂದು ಮಾತು ಬಿಟ್ಟಾಗಿತ್ತು. ಅದು ಕಿವಿಯಿಂದ ಕಿವಿಗೆ, ಕನ್ನಡದಿಂದ ತೆಲುಗಿಗೆ ಹೋಗುವಾಗ ಎರೆ ಬಿದ್ದುಹೋಗಿ ಭೂತ ಮಾತ್ರ ಉಳಿಯಿತು. ಹತ್ತಿಯಲ್ಲಿ ಕಳೆ ತೆಗೆಯುವ ಹೆಂಗಸರ ಮುಂದಾಳು ಈಶ್ವರಿ ಬಂದು, ಹೊಲದಲ್ಲಿ ದಯ್ಯ ಇದೆಯಂತೆ, ತಾವು ಯಾರೂ ಬರುವುದಿಲ್ಲ ಎಂದು ನಿಂತ ಕಾಲಲ್ಲೇ ಹೇಳಿ ಹೋದಳು. ಬೇರೆ ದಿನವಾದರೆ ಹಂಪಮ್ಮ ಅವಳ ಹಿಂದೆ ಓಡುತ್ತಿದ್ದಳು. ಈಗ ಒಳ್ಳೆಯದೇ ಆಯಿತು, ತತ್ತಿ ತುಳಿಯುವವರು ಯಾರೂ ಇರುವುದಿಲ್ಲ ಎಂದು ಕೊಡೆ ತೆಗೆದುಕೊಂಡು ಹೊಲಕ್ಕೆ ಹೊರಟಳು.

ಎರಡು ದಿನ ಅವಳು ಹೊಲದ ಈಚೆ ತುದಿಯ ಬೇವಿನ ಬುಡದಲ್ಲಿ ಕುಳಿತಳು. ಕುರಿ ಬಂದರೆ ಅಟ್ಟಿದಳು, ನಾಯಿ ಬಂದರೆ ಕಲ್ಲು ಬೀಸಿದಳು. ಶರಣಯ್ಯ ಬುತ್ತಿ ಕೊಡುವ ನೆವದಲ್ಲಿ ಸ್ಕೂಟರಿನಲ್ಲಿ ಬಂದು ದೂರ ನಿಂತು ನೋಡಿದ. ತುಂತುರಿನಲ್ಲಿ ಕೊಡೆ ಹಿಡಿದುಕೊಂಡು ಅವಳು ಖಾಲಿ ಬದುವನ್ನು ನೋಡುತ್ತಿದ್ದಳು. ಮುಖದಲ್ಲಿ ಅಂಥ ಸುಖ. ಅವಳ ಕೊರಳಿನಲ್ಲಿ ಮಾಸ್ತರನ ದುರ್ಬೀನು ಇತ್ತು, ಅದಕ್ಕೂ ಅವನಿಗೆ ಸಿಟ್ಟು ಬರಲಿಲ್ಲ. ನಾಳೆ ಶುಕ್ರವಾರ. ನಾಳೆ ಜೀಪು ಬರುತ್ತದೆ, ಜನ ಬರುತ್ತಾರೆ, ಬದುವಿನಲ್ಲಿ ಏನೂ ಸಿಗುವುದಿಲ್ಲ, ಅವರೆಲ್ಲರ ಎದುರು ಈ ಮುಖ ಇವನ ಕಡೆ ತಿರುಗುತ್ತದೆ.

ಹತ್ತಿರ ಹೋಗಿ, ಹಂಪಿ, ಮನೆಗೆ ನಡೆ ಅಂದ. ಇನ್ನೊಂದು ಗಳಿಗೆ ಅಂದಳು.

"ಅಲ್ಲಿ ಏನೂ ಇಲ್ಲ."

"ನೀವ ಕಂಡೀರಿ, ನೀವ ಇಲ್ಲ ಅಂತೀರಿ?"

"ಕಂಡೀನಿ. ಐವತ್ತಮೂರು ವರ್ಷದ ಹಿಂದ ಕಂಡೀನಿ."

ಅವಳು ಕೊಡೆಯ ಕೆಳಗಿನಿಂದ ಕತ್ತೆತ್ತಿ ನೋಡಿದಳು. ಅವನು ಅವಳ ಪಕ್ಕದಲ್ಲಿ ಒದ್ದೆ ಮಣ್ಣಿನ ಮೇಲೆಯೇ ಕುಳಿತು ಹೇಳಿದ. ಆಗ ಅವನಿಗೆ ಹತ್ತು. ಆ ವರ್ಷ ಬಡಗಣ ತುಂಡು ಬೀಳು ಬಿದ್ದಿತ್ತು. ಎತ್ತು ಹುಡುಕಲು ಬಂದವನ ಕಾಲ ಬುಡದಿಂದ ಹಕ್ಕಿ ಎದ್ದಿತು, ತಲೆಯ ಮೇಲೆ ಕಾಲು ಇಳಿಬಿಟ್ಟುಕೊಂಡು ಹಾರಿತು. ಹುಲ್ಲಿನಲ್ಲಿ ಗೂಡೂ ಇಲ್ಲ ಏನೂ ಇಲ್ಲ, ಬರೀ ನೆಲದ ಮೇಲೆ ತತ್ತಿ. ಇಷ್ಟು ದೊಡ್ಡ ತತ್ತಿಯನ್ನು ಓಣಿಯ ಹುಡುಗರಲ್ಲಿ ಯಾರೂ ಕಂಡಿರಲಿಲ್ಲ. ಅವರಿಗೆ ತೋರಿಸಬೇಕು, ಅವರ ಹೊಟ್ಟೆ ಉರಿಸಬೇಕು. ಅಂಗಿಯ ಚುಂಗಿನಲ್ಲಿ ಕಟ್ಟಿಕೊಂಡು ಊರಿಗೆ ಓಡಿದ.

ಬಾಗಿಲಲ್ಲಿ ಅಜ್ಜಿ. ಮೂರು ಹೊತ್ತು ಲಿಂಗಪೂಜೆಯ ಮನೆ, ತತ್ತಿ ಎನ್ನುವ ಶಬ್ದವನ್ನು ಕೂಡ ಹೊಸ್ತಿಲೊಳಗೆ ಆಡುವ ಹಾಗಿರಲಿಲ್ಲ. ಚುಂಗಿನಲ್ಲಿದ್ದದ್ದನ್ನು ಕಂಡು ಅವಳು ಬಾಯಿ ಬಡಿದುಕೊಂಡಳು. ಅಲ್ಲಿಂದಲೇ ತಿಪ್ಪೆಗೆ ಎಸೆಸಿದಳು, ಅಂಗಳದಲ್ಲೇ ನಿಲ್ಲಿಸಿ ಐದು ಕೊಡ ತಣ್ಣೀರು ಸುರಿದಳು, ಮೈಗೆಲ್ಲ ವಿಭೂತಿ ಬಳಿದಳು, ಸಂಜೆ ತನಕ ಉಪವಾಸ ಕೆಡವಿದಳು. ತತ್ತಿ ತಿಪ್ಪೆಯ ಮೇಲೆ ಬಿದ್ದರೂ ಒಡೆದಿರಲಿಲ್ಲ. ನಾಯಿ ಬಂತು. ಹುಡುಗನಿಗೆ ದುಃಖವಾದದ್ದು ಊಟ ತಪ್ಪಿದ್ದಕ್ಕೆ ಮಾತ್ರ.

"ಮೂರು ದಿನ ಆ ಹಕ್ಕಿ ಇಲ್ಲೇ ಇತ್ತು," ಅಂದ. "ಆ ಜಾಗಕ್ಕ ಬರೋದು, ಕೂಡೋದು, ಏಳೋದು. ನಾಲ್ಕನೇ ದಿನ ಇರಲಿಲ್ಲ. ಮತ್ತ ಎಂದೂ ಬರಲಿಲ್ಲ. ಕೋಳಿ ಹಂಗ ಎಲ್ಲೋ ಹೋಗಿ ಇನ್ನೊಂದು ಇಡತೈತಿ ಅಂತ ತಿಳಿದಿದ್ದೆ. ಮೊನ್ನಿ ಮಾಸ್ತರ ಹೇಳೋ ತನಕ ಹಂಗ ತಿಳಿದಿದ್ದೆ."

ಮತ್ತೆ ಈಗ ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಿದಾಗ ಹಂಪಮ್ಮನ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅದೇ ಅವನಿಗೆ ಕಷ್ಟವಾಯಿತು.

"ಮಾಸ್ತರನ ಮ್ಯಾಲಿನ ಹೊಟ್ಟಿಕಿಚ್ಚಿಗೆ," ಅಂದ. "ನೀ ಅವಗ ಪಾಪ ಅಂದಿ."

ಅವಳು ನಗುತ್ತಾಳೆ, ಇಲ್ಲ ಬೈಯುತ್ತಾಳೆ ಎಂದುಕೊಂಡಿದ್ದ. ಎರಡೂ ಮಾಡಲಿಲ್ಲ. ಮಳೆ ಇನ್ನೂ ಹನಿಯುತ್ತಿದ್ದಾಗಲೇ ಕೊಡೆ ಮಡಚಿ ಎದ್ದಳು. ಮಾಸ್ತರಿಗೆ ನೀವೇ ಹೇಳಬೇಕು, ಈಗಲೇ ಹೇಳಬೇಕು ಎಂದು ಸ್ಕೂಟರಿನ ಕಡೆ ನಡೆದಳು.

ಹಿಂದಿನ ಓಣಿಯಲ್ಲೇ ಇದ್ದರೂ ಆ ಮನೆಯ ಮೆಟ್ಟಿಲನ್ನು ಶರಣಯ್ಯ ಹತ್ತಿರಲಿಲ್ಲ. ಒಂದು ಮಂಚ, ಒಂದು ಮೇಜು, ಗೋಡೆಗೆ ಎರೆನೆಲದ ನಕಾಶೆ. ನಾಳೆಗೆಂದು ಇಸ್ತ್ರಿ ಮಾಡಿದ ಅಂಗಿ ಮೊಳೆಗೆ ತೂಗುತ್ತಿತ್ತು, ಮೇಜಿನ ಮೇಲೆ ಕ್ಯಾಮೆರಾದ ಬ್ಯಾಟರಿ ಚಾರ್ಜಿಗೆ ಹಾಕಿತ್ತು. ಬೂಟಿಗೆ ಪಾಲಿಶ್ ಹಚ್ಚುತ್ತಿದ್ದ ಮಾಸ್ತರ ಇವರನ್ನು ಕಂಡು ಎದ್ದ, ಇವತ್ತೇನಾದರೂ ಕಂಡಿತೇ ಎಂದು ಹಂಪಮ್ಮನನ್ನು ಕೇಳಿದ. ಅವಳು ಗಂಡನ ಕಡೆ ನೋಡಿದಳು.

ಶರಣಯ್ಯ ನಿಂತುಕೊಂಡೇ ಹೇಳಿದ. ಮೊದಲು ಸುಳ್ಳನ್ನು ಹೇಳಿದ, ಆಮೇಲೆ ತತ್ತಿಯನ್ನು, ಆಮೇಲೆ ಹೊಟ್ಟೆಕಿಚ್ಚನ್ನೂ ಬಿಡದೆ ಹೇಳಿದ. ಈ ಮನುಷ್ಯನ ಎದುರು ಹೀಗೆ ತಲೆ ತಗ್ಗಿಸಿ ನಿಲ್ಲುವುದಕ್ಕಿಂತ ನಾರಾಯಣಪೇಟೆಯ ಚೌಕದಲ್ಲಿ ನಿಂತು ಕಪಾಳಕ್ಕೆ ಹೊಡೆಸಿಕೊಳ್ಳುವುದು ಸುಲಭ ಎಂದು ಅವನಿಗೆ ಅನ್ನಿಸುತ್ತಿತ್ತು. ಮಾಸ್ತರ ಮಂಚದ ಮೇಲೆ ಕುಳಿತ. ಕೈಯಲ್ಲಿದ್ದ ಬ್ರಶ್ಶನ್ನು ಎಲ್ಲಿಡಬೇಕು ಎಂದು ಹುಡುಕಿ ಕಡೆಗೆ ತೊಡೆಯ ಮೇಲೆಯೇ ಇಟ್ಟುಕೊಂಡ. ಗೋಡೆಯ ಅಂಗಿಯನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಫೋನು ಎತ್ತಿ ನಾರಾಯಣಪೇಟೆಗೆ, ನಾಳೆ ಬರುವುದು ಬೇಡ, ನನ್ನದೇ ತಪ್ಪು ಗ್ರಹಿಕೆ ಎಂದು ಹೇಳಿದ. ನನ್ನದೇ ಎಂದ. ಶರಣಯ್ಯನಿಗೆ ನೆಲ ನೋಡುವುದೊಂದೇ ಉಳಿಯಿತು.

ಫೋನು ಇಟ್ಟು ಮಾಸ್ತರ ನೋಟುಬುಕ್ಕು ತೆರೆದ. ಯಾವ ವರ್ಷ, ಯಾವ ತಿಂಗಳು, ಬದುವಿನಿಂದ ಎಷ್ಟು ಹೆಜ್ಜೆ, ಹುಲ್ಲು ಎಷ್ಟೆತ್ತರ ಇತ್ತು, ಒಂದೇ ಹಕ್ಕಿಯೋ ಜೋಡಿಯೋ. ಎಲ್ಲವನ್ನೂ ಕೇಳಿ ಬರೆದುಕೊಂಡ. ಈ ಭಾಗದಲ್ಲಿ ಅದು ತತ್ತಿ ಇಟ್ಟದ್ದನ್ನು ಕಣ್ಣಾರೆ ಕಂಡ ಒಬ್ಬರೂ ತನಗೆ ಇದುವರೆಗೆ ಸಿಕ್ಕಿರಲಿಲ್ಲ ಎಂದ. ಬರೆದು ಮುಗಿಸಿ ಶರಣಯ್ಯನನ್ನು ಮೇಲಿನಿಂದ ಕೆಳಗೆ ನೋಡಿದ. ಕಣ್ಣಿನಲ್ಲಿ ನೀರಿತ್ತು, ಆದರೆ ಅದು ಬರೀ ದುಃಖ ಆಗಿರಲಿಲ್ಲ. ಆ ನೋಟವನ್ನು ಶರಣಯ್ಯ ಚೆನ್ನಾಗಿ ಬಲ್ಲ, ಜನವರಿಯಿಂದ ಅವನೇ ಅದನ್ನು ಹೊತ್ತು ತಿರುಗಿದ್ದ.

"ನಿಮ್ಮ ತಲಿ ಮ್ಯಾಲೆ ಹಾರಿತಲ್ರಿ," ಅಂದ ಮಾಸ್ತರ. "ಅಷ್ಟು ಹತ್ರ. ನನಗ ಹೊಟ್ಟಿಕಿಚ್ಚಾಗಾಕತ್ತೈತಿ, ಶರಣಯ್ಯನೋರ. ಸುಳ್ಳ ಯಾಕ ಹೇಳ್ಲಿ."

ಇದೇ ಮಾತನ್ನು, ಹೆಂಡತಿ ಪಕ್ಕದಲ್ಲಿದ್ದಾಗ, ಇದೇ ಬಾಯಿಂದ ಕೇಳಬೇಕು ಎಂದು ಅವನು ಏಳು ತಿಂಗಳು ಹಂಬಲಿಸಿದ್ದ. ಈಗ ಕೇಳಿದ. ಕೇಳಿ ಹಂಪಮ್ಮನ ಕಡೆ ತಿರುಗಿದ. ಅವಳು ಮಾಸ್ತರನನ್ನೂ ನೋಡುತ್ತಿರಲಿಲ್ಲ, ಇವನ ಮುಖವನ್ನೂ ನೋಡುತ್ತಿರಲಿಲ್ಲ. ಅವನ ಎರಡು ಕೈಗಳನ್ನು ನೋಡುತ್ತಿದ್ದಳು.

"ನೀವು ಎತ್ಕೊಂಡಾಗ," ಎಂದು ಕೇಳಿದಳು, "ಆ ತತ್ತಿ ಬೆಚ್ಚಗಿತ್ತೇನು?"

ಐವತ್ತಮೂರು ವರ್ಷದಲ್ಲಿ ಯಾರೂ ಅವನನ್ನು ಆ ಮಾತು ಕೇಳಿರಲಿಲ್ಲ.

"ಹೌದು," ಅಂದ ಶರಣಯ್ಯ. "ಬೆಚ್ಚಗಿತ್ತು."